ಶ್ರವಣ ಸಾಧನವನ್ನು ಆರಿಸಿಕೊಳ್ಳುವ ಬಗೆ

ಕಣ್ಣು ಮಂಜಾದರೆ ಕನ್ನಡಕ ಧರಿಸಲು ಇಂದು ಯಾರೂ ಸಂಕೋಚಪಡುವುದಿಲ್ಲ. ಕಿವಿ ಮಂದವಾದಾಗ ಮಾತ್ರ ಅದನ್ನು ಒಪ್ಪಿಕೊಳ್ಳಲು ನಮ್ಮ ಜನರು ವರ್ಷಗಟ್ಟಲೆ ತಡಮಾಡುತ್ತಾರೆ. ಎದುರಿಗಿರುವವರು ಗೊಣಗುತ್ತಾರೆ, ಸೊಸೆ ಮೆಲ್ಲಗೆ ಮಾತನಾಡುತ್ತಾಳೆ, ದೂರವಾಣಿ ಸರಿಯಿಲ್ಲ ಎಂದು ಕಾರಣಗಳನ್ನು ಹುಡುಕುತ್ತಾರೆ. ಕಡೆಗೊಮ್ಮೆ ಮನೆಯವರ ಒತ್ತಾಯಕ್ಕೆ ಮಣಿದು ಶ್ರವಣ ಸಾಧನ ಕೊಳ್ಳಲು ಹೊರಟಾಗ ಇನ್ನೊಂದು ತೊಡಕು ಎದುರಾಗುತ್ತದೆ. ಕೆಲವು ಸಾವಿರ ರೂಪಾಯಿಗಳಿಂದ ಹಿಡಿದು ಲಕ್ಷಗಳವರೆಗೆ ಬೆಲೆಯುಳ್ಳ ಹತ್ತಾರು ಬಗೆಯ ಸಾಧನಗಳು ಮುಂದಿರುತ್ತವೆ. ಇವುಗಳಲ್ಲಿ ಉತ್ತಮವಾದುದು ಯಾವುದು ಎಂಬುದೇ ಆರೋಗ್ಯ ಕೇಂದ್ರಕ್ಕೆ ಬರುವವರು ಕೇಳುವ ಮೊದಲ ಪ್ರಶ್ನೆ. ಯಾರ ಕಿವಿಗೆ, ಎಷ್ಟು ದೋಷಕ್ಕೆ, ಯಾವ ಕೆಲಸ ಮಾಡುವವರಿಗೆ ಎಂಬುದನ್ನು ತಿಳಿಯದೆ ಈ ಪ್ರಶ್ನೆಗೆ ಉತ್ತರ ಹೇಳಲು ಸಾಧ್ಯವಿಲ್ಲ. ಪಕ್ಕದ ಮನೆಯವರ ಕನ್ನಡಕವನ್ನು ಬೆಲೆ ಹೆಚ್ಚಿನದೆಂಬ ಕಾರಣಕ್ಕೆ ಯಾರಾದರೂ ಧರಿಸುವರೇ?

ಬಾಗಲಕೋಟೆ ಜಿಲ್ಲೆಯ ಈ ಭಾಗದಲ್ಲಿ ಈ ವಿಷಯಕ್ಕೆ ವಿಶೇಷ ಮಹತ್ವವಿದೆ. ಸಮೀರವಾಡಿಯ ಸುತ್ತಮುತ್ತ ಕಬ್ಬು ಮತ್ತು ಸಕ್ಕರೆಯೇ ಜೀವನಾಧಾರ. ರಬಕವಿ, ಬನಹಟ್ಟಿ, ಮಹಾಲಿಂಗಪುರಗಳಲ್ಲಿ ಮಗ್ಗವೇ ಮನೆಯ ಅನ್ನ. ಯಾವುದೇ ಸಕ್ಕರೆ ಕಾರ್ಖಾನೆಯ ಟರ್ಬೈನ್ ಮನೆಯಲ್ಲಾಗಲಿ, ಕಬ್ಬು ಅರೆಯುವ ವಿಭಾಗದಲ್ಲಾಗಲಿ, ವಿದ್ಯುತ್ ಮಗ್ಗಗಳ ಕೋಣೆಯಲ್ಲಾಗಲಿ ಪಕ್ಕದಲ್ಲಿ ನಿಂತವರೊಡನೆ ಕೂಗಿಯೇ ಮಾತನಾಡಬೇಕಾಗುತ್ತದೆ. ಹೀಗೆ ಕೂಗಬೇಕಾದ ಜಾಗದಲ್ಲಿ ಸದ್ದಿನ ಪ್ರಮಾಣ ಸಾಮಾನ್ಯವಾಗಿ 85 ಡೆಸಿಬೆಲ್ ದಾಟಿರುತ್ತದೆ ಎಂದು ತಿಳಿಯಬೇಕು. ದಿನಕ್ಕೆ ಎಂಟು ಗಂಟೆಯಂತೆ ವರ್ಷಾನುಗಟ್ಟಲೆ ಇಂತಹ ಸದ್ದಿನಲ್ಲಿ ದುಡಿದವರ ಒಳಗಿವಿಗೆ ಹಾನಿ ತಪ್ಪುವುದಿಲ್ಲ. ಸದ್ದಿನಿಂದ ಉಂಟಾಗುವ ಈ ಕಿವುಡುತನವನ್ನು ಕಾನೂನಿನ ಅನುಸೂಚಿಯಲ್ಲಿ ವೃತ್ತಿಜನ್ಯ ರೋಗವೆಂದೇ ಪರಿಗಣಿಸಲಾಗಿದೆ. ಮನೆಯಲ್ಲಿಯೇ ಎರಡು ಮಗ್ಗ ಹಾಕಿಕೊಂಡ ನೇಕಾರರಿಗಾಗಲಿ, ಕಬ್ಬಿನ ಟ್ರ್ಯಾಕ್ಟರಿನಲ್ಲಿ ಧ್ವನಿವರ್ಧಕವನ್ನು ತಾರಕಕ್ಕೇರಿಸಿಕೊಂಡು ರಾತ್ರಿಯಿಡೀ ಸಾಗುವ ನಮ್ಮ ತರುಣರಿಗಾಗಲಿ ಯಾವ ಅನುಸೂಚಿಯ ರಕ್ಷಣೆಯೂ ಇಲ್ಲ.

ಮೊದಲು ಪರೀಕ್ಷೆ, ಆಮೇಲೆ ಸಾಧನ

ಕಿವಿ ಕೇಳಿಸದಿರುವುದು ಒಂದು ಲಕ್ಷಣವೇ ಹೊರತು ಒಂದೇ ರೋಗವಲ್ಲ. ಹೊರಗಿವಿಯಲ್ಲಿ ಗುಗ್ಗೆ ಗಟ್ಟಿಯಾಗಿ ಕುಳಿತಿರಬಹುದು. ಅದನ್ನು ತೆಗೆದರೆ ಸಾಧನದ ಅವಶ್ಯಕತೆಯೇ ಇರುವುದಿಲ್ಲ. ನಡುಗಿವಿಯಲ್ಲಿ ಕೀವು ತುಂಬಿ ತಮಟೆಯಲ್ಲಿ ರಂಧ್ರವಾಗಿರಬಹುದು. ಅನೇಕ ವೇಳೆ ಔಷಧಿಯಿಂದ ಕೀವನ್ನು ಒಣಗಿಸಿ, ಶಸ್ತ್ರಚಿಕಿತ್ಸೆಯಿಂದ ತಮಟೆಯನ್ನು ಸರಿಪಡಿಸಲು ಸಾಧ್ಯವಿದೆ. ಒಳಗಿವಿಯ ದೋಷ ಮಾತ್ರ ಬೇರೆ ಬಗೆಯದು. ಬಸವನಹುಳುವಿನ ಚಿಪ್ಪಿನಂತೆ ಸುರುಳಿಯಾಗಿರುವ ಈ ಭಾಗದಲ್ಲಿ ಸುಮಾರು 15,000 ಸೂಕ್ಷ್ಮ ರೋಮಕೋಶಗಳಿವೆ. ವಯಸ್ಸಿನಿಂದಾಗಲಿ, ಸದ್ದಿನಿಂದಾಗಲಿ, ಕೆಲವು ಔಷಧಿಗಳಿಂದಾಗಲಿ ಒಮ್ಮೆ ನಾಶವಾದ ರೋಮಕೋಶ ಮತ್ತೆ ಹುಟ್ಟುವುದಿಲ್ಲ. ಶ್ರವಣ ಸಾಧನದ ಅವಶ್ಯಕತೆ ಹೆಚ್ಚಾಗಿ ಬೀಳುವುದು ಇಂಥವರಿಗೆ.

ಆದುದರಿಂದ ಅಂಗಡಿಗೆ ಹೋಗುವ ಮುನ್ನ ಕಿವಿ, ಮೂಗು, ಗಂಟಲು ತಜ್ಞರಿಗೆ ಕಿವಿಯನ್ನು ತೋರಿಸುವುದು ಅತ್ಯವಶ್ಯಕ. ಕಿವಿ ಸೋರುತ್ತಿದ್ದರೆ, ಒಂದೇ ಕಡೆಯ ಕಿವಿ ಮಂದವಾಗಿದ್ದರೆ, ಜೊತೆಗೆ ತಲೆಸುತ್ತು ಇದ್ದರೆ ಈ ಮಾತು ಇನ್ನಷ್ಟು ಸತ್ಯ. ನಿನ್ನೆಯವರೆಗೆ ಸರಿಯಾಗಿದ್ದ ಕಿವಿ ಇಂದು ಬೆಳಗಾಗುವಷ್ಟರಲ್ಲಿ ಕೇಳಿಸದಂತಾದರೆ ಅದನ್ನು ತುರ್ತು ಸ್ಥಿತಿಯೆಂದು ಪರಿಗಣಿಸಬೇಕು. ಅಂಥವರಿಗೆ ಮೊದಲ ಕೆಲವು ದಿನಗಳಲ್ಲಿ ಚಿಕಿತ್ಸೆ ದೊರೆತರೆ ಶ್ರವಣ ಮರಳುವ ಸಂಭವವುಂಟು. ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆಯನ್ನು ಬಿಡುತ್ತಾ ವಾರಗಳನ್ನು ಕಳೆದರೆ ಆ ಅವಕಾಶ ಕೈತಪ್ಪುತ್ತದೆ.

ತಜ್ಞರ ತಪಾಸಣೆಯ ನಂತರ ಶ್ರವಣ ಮಾಪನ ನಡೆಯುತ್ತದೆ. ಸದ್ದಿಲ್ಲದ ಕೋಣೆಯಲ್ಲಿ ಕುಳ್ಳಿರಿಸಿ, ಆಡಿಯೋಮೀಟರ್ ಎಂಬ ಯಂತ್ರದ ಮೂಲಕ 250 ಹರ್ಟ್ಸ್‌ನ ದಪ್ಪ ಸ್ವರದಿಂದ 8000 ಹರ್ಟ್ಸ್‌ನ ಕೀರಲು ಸ್ವರದವರೆಗೆ ಕೇಳಿಸಿ, ಪ್ರತಿಯೊಂದು ಸ್ವರವೂ ಎಷ್ಟು ಮೆಲ್ಲಗಿದ್ದಾಗ ಕೇಳಿಸುತ್ತದೆ ಎಂಬುದನ್ನು ಕಾಗದದ ಮೇಲೆ ಗುರುತಿಸುತ್ತಾರೆ. ಇದೇ ಶ್ರವಣ ಆಲೇಖ. ಬಲಗಿವಿಯನ್ನು ಕೆಂಪು ವೃತ್ತದಿಂದಲೂ ಎಡಗಿವಿಯನ್ನು ನೀಲಿ ಗುಣಾಕಾರದ ಚಿಹ್ನೆಯಿಂದಲೂ ತೋರಿಸುವುದು ರೂಢಿ. ಗೆರೆ ಕೆಳಕ್ಕಿಳಿದಷ್ಟೂ ದೋಷ ಹೆಚ್ಚು. ವಿಶ್ವ ಆರೋಗ್ಯ ಸಂಸ್ಥೆಯು 2021ರಲ್ಲಿ ಪ್ರಕಟಿಸಿದ ವರ್ಗೀಕರಣದಂತೆ 20 ಡೆಸಿಬೆಲ್‌ವರೆಗೆ ಸಾಮಾನ್ಯ, 35ರವರೆಗೆ ಅಲ್ಪ, 50ರವರೆಗೆ ಮಧ್ಯಮ, 65ರವರೆಗೆ ಮಧ್ಯಮ ತೀವ್ರ, 80ರವರೆಗೆ ತೀವ್ರ, ಅದಕ್ಕೂ ಮೀರಿದರೆ ಅತಿ ತೀವ್ರ ದೋಷ.

ಮಗ್ಗದಲ್ಲಿಯೂ ಕಾರ್ಖಾನೆಯಲ್ಲಿಯೂ ದುಡಿಯುವವರು ಇಲ್ಲಿ ಒಂದು ವಿಷಯವನ್ನು ಗಮನಿಸಬೇಕು. ಪಾಳಿ ಮುಗಿಸಿ ನೇರವಾಗಿ ಪರೀಕ್ಷೆಗೆ ಹೋಗಬಾರದು. ಸದ್ದಿನಿಂದ ಬಳಲಿದ ಕಿವಿ ಕೆಲವು ಗಂಟೆಗಳ ಕಾಲ ಇನ್ನಷ್ಟು ಮಂದವಾಗಿರುವುದರಿಂದ ಆಲೇಖ ತಪ್ಪು ಬರುತ್ತದೆ, ಅದನ್ನು ಆಧರಿಸಿದ ಸಾಧನವೂ ತಪ್ಪಾಗುತ್ತದೆ. ಒಂದು ರಾತ್ರಿಯ ವಿಶ್ರಾಂತಿಯಾದರೂ ಇರಲಿ. ಕಬ್ಬು ನುರಿಸುವ ಹಂಗಾಮು ಮುಗಿದ ಬಳಿಕ ಪರೀಕ್ಷೆಗೆ ಹೋದರೆ ಇನ್ನೂ ಒಳ್ಳೆಯದು.

ಕೇಳಿಸುತ್ತದೆ, ಆದರೆ ತಿಳಿಯುವುದಿಲ್ಲ

"ಮಾತು ಕೇಳಸ್ತೈತ್ರಿ, ಏನಂದ್ರು ಅನ್ನೂದು ತಿಳಿಯಂಗಿಲ್ಲ" ಎಂಬುದು ನಮ್ಮ ಕಡೆಯ ನೇಕಾರರ ಬಾಯಿಂದ ಮತ್ತೆ ಮತ್ತೆ ಕೇಳಿಬರುವ ದೂರು. ಮನೆಯವರು ಇದನ್ನು ನಂಬುವುದಿಲ್ಲ. ಬೇಕಾದುದು ಕೇಳಿಸುತ್ತದೆ, ಬೇಡವಾದುದು ಕೇಳಿಸುವುದಿಲ್ಲ ಎಂದು ಹಾಸ್ಯ ಮಾಡುತ್ತಾರೆ. ವಾಸ್ತವವಾಗಿ ಈ ದೂರು ವೈಜ್ಞಾನಿಕವಾಗಿ ಸರಿಯಾಗಿದೆ. ಸದ್ದಿನ ಹಾನಿ ಮೊದಲು ತಟ್ಟುವುದು 4000 ಹರ್ಟ್ಸ್ ಸಮೀಪದ ಕೀರಲು ಸ್ವರಗಳಿಗೆ. ಅ, ಆ, ಓ ಮುಂತಾದ ಸ್ವರಗಳೂ ಮ, ನಗಳಂತಹ ಅನುನಾಸಿಕಗಳೂ ದಪ್ಪ ಧ್ವನಿಯವಾದುದರಿಂದ ಚೆನ್ನಾಗಿ ಕೇಳಿಸುತ್ತವೆ. ಸ, ಶ, ತ, ಕ ಮುಂತಾದ ವ್ಯಂಜನಗಳು ತೆಳುವಾದ, ಕೀರಲು ಧ್ವನಿಯವು; ಅವು ಕಳೆದುಹೋಗುತ್ತವೆ. ಆಗ 'ಸಾಲ' ಎಂದರೆ 'ಕಾಲ' ಎಂದೂ, 'ಕಪ್ಪು' ಎಂದರೆ 'ತಪ್ಪು' ಎಂದೂ ಕೇಳಿಸತೊಡಗುತ್ತದೆ. ವ್ಯವಹಾರದಲ್ಲಿ ಇದರಿಂದಾಗುವ ಅನಾಹುತವನ್ನು ಊಹಿಸಬಹುದು.

ಇಂಥವರ ಕಿವಿಯ ಬಳಿ ಕೂಗಿದರೆ ಪ್ರಯೋಜನವಿಲ್ಲ. ಕೂಗಿದಾಗ ದೊಡ್ಡದಾಗುವುದು ಈಗಾಗಲೇ ಕೇಳಿಸುತ್ತಿರುವ ಸ್ವರಗಳೇ. ಅಗ್ಗದ ಧ್ವನಿವರ್ಧಕ ಯಂತ್ರಗಳೂ ಇದನ್ನೇ ಮಾಡುತ್ತವೆ. ಎಲ್ಲ ಸದ್ದನ್ನೂ ಒಂದೇ ಪ್ರಮಾಣದಲ್ಲಿ ಹೆಚ್ಚಿಸಿದಾಗ ಪಾತ್ರೆಯ ಸದ್ದು ಸಿಡಿಲಿನಂತಾಗುತ್ತದೆ, ಮಾತು ಮಾತ್ರ ಮೊದಲಿನಂತೆಯೇ ಅಸ್ಪಷ್ಟವಾಗಿ ಉಳಿಯುತ್ತದೆ. ಒಳಗಿವಿ ಕೆಟ್ಟವರಿಗೆ ಮೆಲ್ಲನೆಯ ಸದ್ದು ಕೇಳಿಸುವುದಿಲ್ಲ, ಜೋರು ಸದ್ದು ಸಹಿಸಲಾಗುವುದೂ ಇಲ್ಲ. ಇವೆರಡರ ನಡುವಿನ ಇಕ್ಕಟ್ಟಾದ ಹಾದಿಯಲ್ಲಿ ಮಾತನ್ನು ಕೂರಿಸುವುದೇ ಸಾಧನದ ನಿಜವಾದ ಕೆಲಸ. 60 ಡೆಸಿಬೆಲ್ ದೋಷವಿದ್ದವರಿಗೆ 60 ಡೆಸಿಬೆಲ್ ವರ್ಧನೆ ಕೊಡುವುದಿಲ್ಲ. ಸ್ಥೂಲವಾಗಿ ದೋಷದ ಅರ್ಧದಷ್ಟು ವರ್ಧನೆ ಸಾಕೆಂಬುದು 1940ರ ದಶಕದಿಂದಲೂ ತಜ್ಞರು ಕಂಡುಕೊಂಡ ಲೆಕ್ಕ. ಇಂದಿನ ಸೂತ್ರಗಳು ಹೆಚ್ಚು ಸೂಕ್ಷ್ಮವಾಗಿದ್ದರೂ ಮೂಲ ತತ್ವ ಅದೇ.

1990ರ ದಶಕದ ಮಧ್ಯಭಾಗದಲ್ಲಿ ಬಂದ ಡಿಜಿಟಲ್ ಸಾಧನಗಳು ಈ ಕೆಲಸವನ್ನು ಸುಲಭಗೊಳಿಸಿದುವು. ಇವುಗಳಲ್ಲಿ ಧ್ವನಿಯು ಮೊದಲು ಅಂಕೆಗಳಾಗಿ ಮಾರ್ಪಡುತ್ತದೆ. ಒಳಗಿನ ಚಿಕ್ಕ ಗಣಕವು ಆ ಧ್ವನಿಯನ್ನು ದಪ್ಪ, ನಡು, ಕೀರಲು ಎಂದು ಹಲವು ವಾಹಿನಿಗಳಾಗಿ ವಿಂಗಡಿಸಿ, ಯಾವ ವಾಹಿನಿಗೆ ಎಷ್ಟು ವರ್ಧನೆ ಬೇಕೋ ಅಷ್ಟನ್ನೇ ಕೊಡುತ್ತದೆ. ಮೆಲ್ಲನೆಯ ಸದ್ದನ್ನು ಹೆಚ್ಚು, ಜೋರು ಸದ್ದನ್ನು ಕಡಿಮೆ ವರ್ಧಿಸುತ್ತದೆ. ಶಿಳ್ಳೆ ಹೊಡೆಯುವುದನ್ನು ತಡೆಯುತ್ತದೆ. ಆದರೆ ಆ ಗಣಕಕ್ಕೆ ರೋಗಿಯ ಆಲೇಖವನ್ನು ಯಾರಾದರೂ ತಿಳಿಸಲೇಬೇಕು. ಆಲೇಖವನ್ನು ನೋಡದೆ ಪೆಟ್ಟಿಗೆಯಿಂದ ತೆಗೆದು ಕಿವಿಗಿಟ್ಟ ಡಿಜಿಟಲ್ ಸಾಧನವು ಹೆಸರಿಗೆ ಮಾತ್ರ ಡಿಜಿಟಲ್.

ಸಾಧನಗಳ ವಿಧಗಳು

ಜೇಬಿನಲ್ಲಿಟ್ಟು ತಂತಿಯ ಮೂಲಕ ಕಿವಿಗೆ ಜೋಡಿಸುವ ಸಾಧನ ಎಲ್ಲರಿಗೂ ಪರಿಚಿತ. ಹಿಂದಿನ ಉಚಿತ ಶಿಬಿರಗಳಲ್ಲಿ ಹೆಚ್ಚಾಗಿ ಹಂಚಲಾಗುತ್ತಿದ್ದುದು ಇದನ್ನೇ. ಬೆಲೆ ಕಡಿಮೆ, ಗುಂಡಿ ದೊಡ್ಡದು, ಸಾಮಾನ್ಯ ಪೆನ್ಸಿಲ್ ಸೆಲ್ ಸಾಕು. ಆದರೆ ಧ್ವನಿಗ್ರಾಹಕವು ಎದೆಯ ಮೇಲಿರುವುದರಿಂದ ಬಟ್ಟೆ ಉಜ್ಜಿದ ಸದ್ದೆಲ್ಲಾ ಕಿವಿಗೆ ಬರುತ್ತದೆ, ತಂತಿ ಪದೇ ಪದೇ ಹರಿಯುತ್ತದೆ. ಕೈನಡುಕವುಳ್ಳ, ಕಣ್ಣೂ ಮಂದವಾದ ವೃದ್ಧರಿಗೆ ಇಂದಿಗೂ ಇದು ಸರಿಹೋಗುವುದುಂಟು. ಉಳಿದವರಿಗೆ ಇದನ್ನು ಸೂಚಿಸಲು ಕಾರಣವಿಲ್ಲ.

ಕಿವಿಯ ಹಿಂದೆ ಕೂರುವ ಸಾಧನವು ನನ್ನ ಅಭಿಪ್ರಾಯದಲ್ಲಿ ನಮ್ಮ ಭಾಗದ ಬಹುಪಾಲು ಜನರಿಗೆ ತಕ್ಕದ್ದು. ಅಲ್ಪ ದೋಷದಿಂದ ಅತಿ ತೀವ್ರ ದೋಷದವರೆಗೆ ಎಲ್ಲಕ್ಕೂ ಇದರಲ್ಲಿ ಮಾದರಿಗಳಿವೆ. ಬ್ಯಾಟರಿ ದೊಡ್ಡದಾದುದರಿಂದ ಹೆಚ್ಚು ದಿನ ಬಾಳುತ್ತದೆ, ಬೆರಳಿಗೆ ಸಿಗುತ್ತದೆ, ದುರಸ್ತಿ ಸುಲಭ. ಕಿವಿಯ ಅಳತೆ ತೆಗೆದು ಮಾಡಿದ ಕಿವಿಯಚ್ಚಿನ ಮೂಲಕ ಧ್ವನಿ ಒಳಗೆ ಹೋಗುತ್ತದೆ. ಈ ಅಚ್ಚು ಸಡಿಲವಾದರೆ ಎಂತಹ ಸಾಧನವೂ ಶಿಳ್ಳೆ ಹೊಡೆಯುತ್ತದೆ. ಸಾಧನಕ್ಕೆ ಸಾವಿರಾರು ರೂಪಾಯಿ ಕೊಟ್ಟವರು ಅಚ್ಚಿಗೆ ಕೆಲವು ನೂರು ಕೊಡಲು ಹಿಂಜರಿಯುವುದನ್ನು ಕಂಡಾಗ ಆಶ್ಚರ್ಯವಾಗುತ್ತದೆ.

ಇದರದೇ ಇನ್ನೊಂದು ರೂಪದಲ್ಲಿ ಧ್ವನಿ ಹೊರಡಿಸುವ ಭಾಗವನ್ನು ಮಾತ್ರ ತೆಳು ತಂತಿಯ ತುದಿಯಲ್ಲಿ ಕಿವಿಯ ನಾಳದೊಳಗೆ ಇಡಲಾಗುತ್ತದೆ. ಕಿವಿಯನ್ನು ಪೂರ್ತಿ ಮುಚ್ಚದ ಮೆದು ಗುಬ್ಬಿ ಇರುವುದರಿಂದ ದಪ್ಪ ಸ್ವರಗಳು ಸಹಜವಾಗಿಯೇ ಒಳಗೆ ಹೋಗುತ್ತವೆ, ಕೀರಲು ಸ್ವರಗಳನ್ನು ಸಾಧನ ಒದಗಿಸುತ್ತದೆ. ಮಗ್ಗದ ಸದ್ದಿನಿಂದ ಕೀರಲು ಸ್ವರಗಳನ್ನಷ್ಟೇ ಕಳೆದುಕೊಂಡವರಿಗೆ ಇದು ಬಹಳ ಉಪಯುಕ್ತ. ಆದರೆ ಒಳಗಿನ ಭಾಗಕ್ಕೆ ಗುಗ್ಗೆ ಕಟ್ಟಿಕೊಂಡು ಕೆಡುವುದು ಹೆಚ್ಚು. ಕಿವಿ ಸೋರುವವರಿಗೆ ಇದು ಸಲ್ಲದು.

ಕಿವಿಯ ಒಳಗೇ ಅಡಗುವ ಸಾಧನಕ್ಕೆ ಎಲ್ಲಿಲ್ಲದ ಬೇಡಿಕೆ. ಯಾರಿಗೂ ಕಾಣಿಸದು ಎಂಬುದೇ ಅದರ ಆಕರ್ಷಣೆ. ನಿವೃತ್ತರಾದ ಕಾರ್ಮಿಕರೊಬ್ಬರು ಉಪದಾನದ ಹಣದಲ್ಲಿ ದೊಡ್ಡ ಭಾಗವನ್ನು ತೆತ್ತು ದೂರದ ಊರಿನ ಅಂಗಡಿಯಿಂದ ಇಂತಹದೊಂದನ್ನು ತಂದಿದ್ದರು. ಅವರ ದೋಷ 75 ಡೆಸಿಬೆಲ್‌ನಷ್ಟಿತ್ತು. ಕಡಲೆಕಾಳಿನಷ್ಟು ಚಿಕ್ಕ ಸಾಧನದಿಂದ ಅಷ್ಟು ವರ್ಧನೆ ದೊರೆಯದು. ಶಕ್ತಿ ಹೆಚ್ಚಿಸಿದರೆ ಶಿಳ್ಳೆ, ಇಳಿಸಿದರೆ ಮೌನ. ವಾರಕ್ಕೊಮ್ಮೆ ಬದಲಿಸಬೇಕಾದ ಬ್ಯಾಟರಿಯನ್ನು ಒರಟು ಬೆರಳುಗಳಿಂದ ಹಿಡಿಯಲೂ ಅವರಿಗೆ ಆಗುತ್ತಿರಲಿಲ್ಲ. ಮೂರು ತಿಂಗಳಿಂದ ಅದು ದೇವರ ಮನೆಯ ಮಾಡದಲ್ಲಿ ಪೆಟ್ಟಿಗೆಯ ಸಹಿತ ಕುಳಿತಿತ್ತು. ಮೂಗಿಗಿಂತ ಮೂಗುತಿ ಭಾರ ಎಂಬ ಮಾತು ಇಲ್ಲಿ ಅಕ್ಷರಶಃ ಸತ್ಯವಾಯಿತು. ಅಲ್ಪ ಅಥವಾ ಮಧ್ಯಮ ದೋಷವಿದ್ದು, ಕಿವಿ ಒಣಗಿದ್ದು, ಕೈಬೆರಳು ಚುರುಕಾಗಿರುವ ವಯಸ್ಕರಿಗೆ ಈ ಮಾದರಿ ಸರಿ. ಬೆಳೆಯುವ ಮಕ್ಕಳಿಗೆ ಇದು ಸರ್ವಥಾ ಬೇಡ.

ಕಿವಿ ಸದಾ ಸೋರುತ್ತಿದ್ದು ಮುಚ್ಚಲು ಬಾರದವರಿಗೂ, ಹುಟ್ಟಿನಿಂದ ಕಿವಿಯ ನಾಳವೇ ಇಲ್ಲದವರಿಗೂ ತಲೆಬುರುಡೆಯ ಎಲುಬಿನ ಮೂಲಕ ಧ್ವನಿಯನ್ನು ಕಳುಹಿಸುವ ಸಾಧನಗಳಿವೆ.

ಪರೀಕ್ಷೆಯಿಲ್ಲದೆ ಅಂಚೆಯಲ್ಲಿ ಅಥವಾ ಮೊಬೈಲಿನಲ್ಲಿ ತರಿಸಿಕೊಳ್ಳುವ ಯಂತ್ರಗಳ ಬಗ್ಗೆಯೂ ಕೇಳುವವರಿದ್ದಾರೆ. ಅಮೆರಿಕದಲ್ಲಿ 2022ರ ಅಕ್ಟೋಬರಿನಿಂದ ಅಲ್ಪ ಮತ್ತು ಮಧ್ಯಮ ದೋಷವುಳ್ಳ ವಯಸ್ಕರು ಚೀಟಿಯಿಲ್ಲದೆ ಕೊಳ್ಳಬಹುದಾದ ಒಂದು ವರ್ಗವನ್ನು ಸರ್ಕಾರವೇ ನಿಗದಿಪಡಿಸಿದೆ. 2024ರಲ್ಲಿ ಸಂಗೀತ ಕೇಳುವ ಒಂದು ಬಗೆಯ ಇಯರ್‌ಫೋನಿಗೂ ಇಂತಹ ಅನುಮತಿ ದೊರೆಯಿತು. ಅಲ್ಲಿ ಧ್ವನಿಯ ಗರಿಷ್ಠ ಮಿತಿ ಮುಂತಾದ ನಿಯಮಗಳಿವೆ, ಹದಿನೆಂಟು ವರ್ಷದೊಳಗಿನವರಿಗೆ ಅವು ನಿಷಿದ್ಧ. ನಮ್ಮ ಸಂತೆಗಳಲ್ಲಿಯೂ ಜಾಹೀರಾತುಗಳಲ್ಲಿಯೂ ಸಿಗುವ ಕೆಲವು ನೂರು ರೂಪಾಯಿಗಳ ಯಂತ್ರಗಳನ್ನು ಅವುಗಳೊಂದಿಗೆ ಹೋಲಿಸುವುದು ತರವಲ್ಲ.

ಬೆಲೆ ಹೆಚ್ಚಾದಂತೆ ಗುಣವೂ ಹೆಚ್ಚುವುದೇ?

ನಾಲ್ಕು ವಾಹಿನಿಗಳ ಸಾಧನಕ್ಕೂ ಇಪ್ಪತ್ತು ವಾಹಿನಿಗಳ ಸಾಧನಕ್ಕೂ ಬೆಲೆಯಲ್ಲಿ ಹಲವು ಪಟ್ಟು ವ್ಯತ್ಯಾಸವಿರುತ್ತದೆ. ಹೆಚ್ಚಿನ ಬೆಲೆಗೆ ಗದ್ದಲ ತಗ್ಗಿಸುವ ವ್ಯವಸ್ಥೆ, ಮುಂದಿನಿಂದ ಬರುವ ಮಾತನ್ನೇ ಹಿಡಿಯುವ ಧ್ವನಿಗ್ರಾಹಕ, ಮೊಬೈಲಿನೊಡನೆ ನಿಸ್ತಂತು ಸಂಪರ್ಕ ಮೊದಲಾದುವು ಸೇರುತ್ತವೆ. ಇವು ನಿರುಪಯುಕ್ತವೆಂದು ಹೇಳಲಾಗದು. ಸಭೆ, ವ್ಯಾಪಾರ, ಪಾಠ ಎಂದು ಗದ್ದಲದ ನಡುವೆ ದಿನ ಕಳೆಯುವವರಿಗೆ ಮುಂದಿನ ಮಾತನ್ನು ಹಿಡಿಯುವ ಧ್ವನಿಗ್ರಾಹಕ ನಿಜವಾಗಿಯೂ ಸಹಾಯಕ. ಆದರೆ ಬೆಲೆ ನಾಲ್ಕು ಪಟ್ಟಾದರೆ ಕೇಳುವಿಕೆಯೂ ನಾಲ್ಕು ಪಟ್ಟಾಗುತ್ತದೆ ಎಂದು ಭಾವಿಸಬಾರದು. ಅಮೆರಿಕದ ಮೆಂಫಿಸ್ ವಿಶ್ವವಿದ್ಯಾಲಯದ ಸಂಶೋಧಕರು 2014ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ, ಅಲ್ಪದಿಂದ ಮಧ್ಯಮ ದೋಷವುಳ್ಳ ವೃದ್ಧರಿಗೆ ದುಬಾರಿ ಮತ್ತು ಸಾಧಾರಣ ಎರಡೂ ಮಟ್ಟದ ಸಾಧನಗಳನ್ನು, ಯಾವುದು ಯಾವ ಬೆಲೆಯದೆಂದು ತಿಳಿಸದೆ, ಒಂದಾದ ಮೇಲೊಂದರಂತೆ ತಿಂಗಳುಗಟ್ಟಲೆ ಧರಿಸಲು ಕೊಟ್ಟರು. ಎರಡರಿಂದಲೂ ಮಾತು ಅರ್ಥವಾಗುವುದು ಸುಧಾರಿಸಿತು. ಆದರೆ ಎರಡರ ನಡುವೆ ಹೇಳಿಕೊಳ್ಳುವಂತಹ ಅಂತರ ಕಾಣಲಿಲ್ಲ. ಅಲ್ಲಿ ಎಲ್ಲ ಸಾಧನಗಳನ್ನೂ ಪ್ರತಿಯೊಬ್ಬರ ಕಿವಿಗೆ ತಕ್ಕಂತೆ ಎಚ್ಚರಿಕೆಯಿಂದ ಹೊಂದಿಸಲಾಗಿತ್ತು ಎಂಬುದನ್ನು ಮರೆಯಬಾರದು.

ಕೈಯಲ್ಲಿ ಇಷ್ಟೇ ಹಣವಿದೆ ಎಂದಾದಲ್ಲಿ ಒಂದು ಕಿವಿಗೆ ದುಬಾರಿ ಸಾಧನ ಕೊಳ್ಳುವುದಕ್ಕಿಂತ ಎರಡೂ ಕಿವಿಗಳಿಗೆ ಸಾಧಾರಣ ಬೆಲೆಯ, ಚೆನ್ನಾಗಿ ಹೊಂದಿಸಿದ ಸಾಧನಗಳನ್ನು ಕೊಳ್ಳುವುದು ಲೇಸು. ಸದ್ದು ಯಾವ ದಿಕ್ಕಿನಿಂದ ಬಂತೆಂದು ಮಿದುಳು ತಿಳಿಯುವುದು ಎರಡು ಕಿವಿಗಳನ್ನು ಹೋಲಿಸಿ. ಹಿಂದಿನಿಂದ ಬರುವ ಕಬ್ಬಿನ ಟ್ರ್ಯಾಕ್ಟರ್ ಎಡಕ್ಕಿದೆಯೋ ಬಲಕ್ಕಿದೆಯೋ ಎಂಬುದು ನಮ್ಮ ರಸ್ತೆಗಳಲ್ಲಿ ಪ್ರಾಣದ ಪ್ರಶ್ನೆ.

ಬೆಲೆಯನ್ನು ಲೆಕ್ಕ ಹಾಕುವಾಗ ಬ್ಯಾಟರಿಯನ್ನೂ ಸೇರಿಸಬೇಕು. ಒಂದು ಬ್ಯಾಟರಿ ಹತ್ತು ದಿನ ಬಂದರೆ ವರ್ಷಕ್ಕೆ ಒಂದು ಕಿವಿಗೆ 36 ಬೇಕು, ಎರಡಕ್ಕೆ 72. ಇವುಗಳನ್ನು ಅಂಟುಪಟ್ಟಿಯ ಬಣ್ಣದಿಂದ ಗುರುತಿಸಬಹುದು. 10ನೇ ಅಳತೆ ಹಳದಿ, 312 ಕಂದು, 13 ಕಿತ್ತಳೆ, 675 ನೀಲಿ. ಪಟ್ಟಿ ಕಿತ್ತೊಡನೆ ಗಾಳಿ ಸೇರಿ ಬ್ಯಾಟರಿ ಸಜೀವವಾಗುತ್ತದೆ, ಮತ್ತೆ ಪಟ್ಟಿ ಅಂಟಿಸಿದರೆ ಉಳಿಯುವುದಿಲ್ಲ. ಕಿತ್ತ ಮೇಲೆ ಒಂದೆರಡು ನಿಮಿಷ ಬಿಟ್ಟು ಹಾಕಿದರೆ ಒಳ್ಳೆಯದು. ಮರುಚಾರ್ಜ್ ಆಗುವ ಸಾಧನಗಳಲ್ಲಿ ಈ ತೊಂದರೆಯಿಲ್ಲ, ಆದರೆ ವಿದ್ಯುತ್ ಕೈಕೊಟ್ಟ ರಾತ್ರಿಯ ಮರುದಿನ ಕಿವಿ ಮೌನವಾಗುತ್ತದೆ. ಶ್ರವಣ ಸಾಧನಕ್ಕೆ ಸರಕು ಮತ್ತು ಸೇವಾ ತೆರಿಗೆ ಇಲ್ಲ. ರಸೀತಿಯಲ್ಲಿ ಸಾಧನದ ಮೇಲೆ ತೆರಿಗೆ ಹಾಕಿದ್ದರೆ ವಿಚಾರಿಸುವ ಹಕ್ಕು ಕೊಳ್ಳುವವರಿಗಿದೆ.

ಸಾಧನವನ್ನು ಹೊಂದಿಸುವವರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿತರಾದ ಶ್ರವಣ ತಜ್ಞರೇ ಎಂದು ಕೇಳಬೇಕು. ಕೊಳ್ಳುವ ಮುನ್ನ ಧರಿಸಿ ನೋಡಬೇಕು, ಅದೂ ಅಂಗಡಿಯ ನಿಶ್ಶಬ್ದ ಕೋಣೆಯಲ್ಲಷ್ಟೇ ಅಲ್ಲ. ಜೊತೆಗೆ ಬಂದ ಹೆಂಡತಿಯೋ ಮಗನೋ ಬೆನ್ನ ಹಿಂದೆ ನಿಂತು ಹತ್ತು ಪದಗಳನ್ನು ಸಹಜ ಧ್ವನಿಯಲ್ಲಿ ಹೇಳಲಿ; ಮೊದಲು ಸಾಧನವಿಲ್ಲದೆ, ಆಮೇಲೆ ಸಾಧನದೊಡನೆ. ತುಟಿಯ ಚಲನೆ ಕಾಣದಿರುವುದು ಮುಖ್ಯ. ಅನಂತರ ಬೀದಿಗೆ ಬಂದು ಇದನ್ನೇ ಮಾಡಿ ನೋಡಲಿ. ಒಪ್ಪದಿದ್ದರೆ ಎಷ್ಟು ದಿನದೊಳಗೆ ಹಿಂದಿರುಗಿಸಬಹುದು, ಹೊಂದಾಣಿಕೆಗಾಗಿ ಮತ್ತೆ ಮತ್ತೆ ಬಂದಾಗ ಹಣ ಕೇಳುವರೇ, ಕೆಟ್ಟರೆ ದುರಸ್ತಿ ಜಮಖಂಡಿಯಲ್ಲೋ ಮುಧೋಳದಲ್ಲೋ ಆಗುವುದೇ ಅಥವಾ ಬೆಂಗಳೂರಿಗೆ ಕಳುಹಿಸಿ ತಿಂಗಳು ಕಾಯಬೇಕೇ ಎಂಬುದನ್ನೆಲ್ಲಾ ಬರವಣಿಗೆಯಲ್ಲಿ ಪಡೆಯುವುದು ಕ್ಷೇಮ.

ಮಕ್ಕಳ ವಿಷಯ

ದೊಡ್ಡವರಿಗೆ ತಡವಾದರೆ ಅನನುಕೂಲವಷ್ಟೆ. ಮಕ್ಕಳಿಗೆ ತಡವಾದರೆ ಭಾಷೆಯೇ ಕೈತಪ್ಪುತ್ತದೆ. ಮಗು ಮಾತು ಕಲಿಯುವುದು ಕೇಳಿ. ಮಿದುಳು ಧ್ವನಿಗೆ ಅತ್ಯಂತ ಚೆನ್ನಾಗಿ ಹೊಂದಿಕೊಳ್ಳುವುದು ಮೊದಲ ಮೂರು ನಾಲ್ಕು ವರ್ಷಗಳಲ್ಲಿ. ಹುಟ್ಟಿದ ಒಂದು ತಿಂಗಳೊಳಗೆ ಶ್ರವಣ ತಪಾಸಣೆ, ಮೂರು ತಿಂಗಳೊಳಗೆ ರೋಗನಿರ್ಣಯ, ಆರು ತಿಂಗಳೊಳಗೆ ಸಾಧನ ಎಂಬುದು ಜಗತ್ತಿನಾದ್ಯಂತ ಒಪ್ಪಿತವಾದ ಕ್ರಮ. "ಇವರಪ್ಪನಿಗೂ ಮಾತು ತಡವಾಗಿಯೇ ಬಂತು" ಎಂದು ಹಿರಿಯರು ಸಮಾಧಾನ ಹೇಳುತ್ತಾರೆ. ಆ ಸಮಾಧಾನದಲ್ಲಿಯೇ ಎರಡು ವರ್ಷ ಕಳೆಯುತ್ತದೆ. ಬಾಗಿಲು ಬಡಿದರೂ ಬೆಚ್ಚದ, ಒಂದು ವರ್ಷವಾದರೂ ಹೆಸರು ಕರೆದರೆ ತಿರುಗದ ಮಗುವನ್ನು ಕೂಡಲೇ ಪರೀಕ್ಷೆಗೆ ಒಯ್ಯಬೇಕು. ಬೆರಾ ಎಂಬ ಪರೀಕ್ಷೆಯಲ್ಲಿ ಮಗು ನಿದ್ರಿಸುತ್ತಿರುವಾಗಲೇ ಶ್ರವಣನರದ ಪ್ರತಿಕ್ರಿಯೆಯನ್ನು ಅಳೆಯಬಹುದು. ಮಗು ಉತ್ತರ ಹೇಳಬೇಕಾದ ಅವಶ್ಯಕತೆಯೇ ಇಲ್ಲ.

ರಕ್ತಸಂಬಂಧದಲ್ಲಿ, ಅಂದರೆ ಸೋದರಮಾವ ಅಥವಾ ಅತ್ತೆ-ಮಾವನ ಮಕ್ಕಳೊಡನೆ, ಮದುವೆಯಾಗುವ ರೂಢಿ ನಮ್ಮಲ್ಲಿದೆ. ಅನುವಂಶೀಯ ಕಿವುಡುತನ ಇಂತಹ ಕುಟುಂಬಗಳಲ್ಲಿ ಹೆಚ್ಚು. ಮನೆತನದಲ್ಲಿ ಒಬ್ಬ ಕಿವುಡ ಮಗುವಿದ್ದರೆ ಮುಂದಿನ ಮಗುವಿನ ತಪಾಸಣೆಯನ್ನು ಆಸ್ಪತ್ರೆಯಿಂದ ಬಿಡುಗಡೆಯಾಗುವ ಮುನ್ನವೇ ಮಾಡಿಸಬೇಕು. ಗರ್ಭಿಣಿಗೆ ರುಬೆಲ್ಲಾ ತಗುಲಿದರೂ ಮಗು ಕಿವುಡಾಗಬಹುದು. 2017ರಿಂದ ನಮ್ಮ ರಾಜ್ಯದಲ್ಲಿ ಮಕ್ಕಳಿಗೆ ಕೊಡುತ್ತಿರುವ ದಡಾರ-ರುಬೆಲ್ಲಾ ಲಸಿಕೆ ಇದನ್ನು ತಡೆಯುತ್ತದೆ.

ಮಗುವಿಗೆ ಆರಿಸಬೇಕಾದುದು ಎರಡೂ ಕಿವಿಗಳಿಗೆ, ಕಿವಿಯ ಹಿಂದೆ ಕೂರುವ, ಮೆದು ಅಚ್ಚುಳ್ಳ ಸಾಧನ. ಕಿವಿ ಬೆಳೆದಂತೆ ಅಚ್ಚನ್ನು ಕೆಲವು ತಿಂಗಳಿಗೊಮ್ಮೆ ಬದಲಿಸಲೇಬೇಕು. ಬ್ಯಾಟರಿಯ ಬಾಗಿಲಿಗೆ ಬೀಗವಿರುವ ಮಾದರಿಯನ್ನೇ ಕೇಳಬೇಕು; ಗುಂಡಿಯಾಕಾರದ ಬ್ಯಾಟರಿಯನ್ನು ಮಗು ನುಂಗಿದರೆ ತಕ್ಷಣ ಆಸ್ಪತ್ರೆಗೆ ಒಯ್ಯಬೇಕು. ಶಕ್ತಿಯುತ ಸಾಧನವನ್ನು ಕೆಲವು ತಿಂಗಳು ಧರಿಸಿ ತರಬೇತಿ ಪಡೆದರೂ ಫಲ ಕಾಣದ ಅತಿ ತೀವ್ರ ದೋಷದ ಮಕ್ಕಳಿಗೆ ಕಾಕ್ಲಿಯರ್ ಇಂಪ್ಲಾಂಟ್ ಎಂಬ ಶಸ್ತ್ರಚಿಕಿತ್ಸೆ ಇದೆ. ಚಿಕ್ಕ ಮಕ್ಕಳಿಗೆ ಇದನ್ನು ಉಚಿತವಾಗಿ ಒದಗಿಸುವ ಯೋಜನೆಗಳು ಕೇಂದ್ರ ಸರ್ಕಾರದಲ್ಲಿಯೂ, ಶ್ರವಣ ಸಂಜೀವಿನಿ ಎಂಬ ಹೆಸರಿನಲ್ಲಿ ರಾಜ್ಯದಲ್ಲಿಯೂ ಇವೆ. ಇವುಗಳಿಗೆ ವಯೋಮಿತಿ ಇರುವುದರಿಂದ ಹಿರಿಯರ ಸಮಾಧಾನದ ಮಾತಿಗೆ ತೆರಬೇಕಾದ ಬೆಲೆ ಇನ್ನೂ ಹೆಚ್ಚು.

ಧರಿಸಿದ ಮೇಲೆ

ವರ್ಷಗಟ್ಟಲೆ ಮೌನಕ್ಕೆ ಒಗ್ಗಿದ ಮಿದುಳಿಗೆ ಸದ್ದು ಮೊದಲು ಹಿಂಸೆಯೆನಿಸುತ್ತದೆ. ತಮ್ಮ ಧ್ವನಿಯೇ ಕೊಡದೊಳಗಿಂದ ಬಂದಂತೆ ಕೇಳಿಸುತ್ತದೆ, ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ತಲೆಗೆ ಬಡಿದಂತಾಗುತ್ತದೆ. ಮೊದಲ ವಾರ ಮನೆಯೊಳಗೆ, ಒಬ್ಬರೊಡನೆ ಮಾತನಾಡುವಾಗ, ದಿನಕ್ಕೆ ಎರಡು ಮೂರು ಗಂಟೆ ಧರಿಸಿದರೆ ಸಾಕು. ಕ್ರಮೇಣ ಅವಧಿಯನ್ನು ಹೆಚ್ಚಿಸುತ್ತಾ ಹೋಗಬೇಕು. ಒಗ್ಗಲು ಒಂದೆರಡು ತಿಂಗಳಾದರೂ ಬೇಕು. ಈ ಅವಧಿಯಲ್ಲಿ ಎರಡು ಮೂರು ಬಾರಿ ಶ್ರವಣ ತಜ್ಞರ ಬಳಿ ಹೋಗಿ, ಯಾವ ಸದ್ದು ಚುಚ್ಚುತ್ತದೆ, ಯಾರ ಮಾತು ತಿಳಿಯದು ಎಂಬುದನ್ನು ಹೇಳಿ ಸರಿಪಡಿಸಿಕೊಳ್ಳಬೇಕು. ಸಾಧನ ಸರಿಯಿಲ್ಲವೆಂದು ಮೂಲೆಗಿಡುವವರಲ್ಲಿ ಬಹುಮಂದಿ ಹಾಗೆ ಎರಡನೆಯ ಬಾರಿ ಹೋದವರೇ ಅಲ್ಲ.

ಸ್ನಾನ ಮಾಡುವಾಗಲೂ, ತಲೆಗೆ ಎಣ್ಣೆ ಹಚ್ಚಿಕೊಳ್ಳುವಾಗಲೂ, ಮಲಗುವಾಗಲೂ ಸಾಧನವನ್ನು ತೆಗೆದಿಡಬೇಕು. ಗದ್ದೆಯಲ್ಲಿ ಬೆವರುವವರು ರಾತ್ರಿ ಅದನ್ನು ತೇವ ಹೀರುವ ಸಿಲಿಕಾ ಹರಳುಗಳ ಡಬ್ಬಿಯಲ್ಲಿ ಇಡಬೇಕು. ಮಗ್ಗದ ಕೋಣೆಯಲ್ಲಿ ಸಾಧನವನ್ನು ಧರಿಸಬಾರದು. ಚಾಲೂ ಇದ್ದರೆ ಮಗ್ಗದ ಸದ್ದನ್ನೂ ಹೆಚ್ಚಿಸೀತು, ಬಂದ್ ಮಾಡಿದರೆ ಸದ್ದನ್ನು ತಡೆಯುವ ನಂಬಿಕೆಯಿಲ್ಲ. ಅಲ್ಲಿ ಬೇಕಾದುದು ಕಿವಿಗೂಟ ಅಥವಾ ಕಿವಿಕವಚ. ಹತ್ತಿಯನ್ನು ತುರುಕಿಕೊಳ್ಳುವುದರಿಂದ ಏನೂ ಆಗದು.

ಸರ್ಕಾರದ ನೆರವು

ಆರು ವರ್ಷದೊಳಗಿನ ಮಕ್ಕಳನ್ನು ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡವು ಅಂಗನವಾಡಿಯಲ್ಲಿಯೇ ತಪಾಸಣೆ ಮಾಡುತ್ತದೆ. ದೊಡ್ಡವರು ಮೊದಲು ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬಂದು, ಅಲ್ಲಿಂದ ಚೀಟಿ ಪಡೆದು ತಾಲ್ಲೂಕು ಆಸ್ಪತ್ರೆಗೆ ಅಥವಾ ಬಾಗಲಕೋಟೆಯ ಜಿಲ್ಲಾ ಆಸ್ಪತ್ರೆಯ ಕಿವಿ, ಮೂಗು, ಗಂಟಲು ವಿಭಾಗಕ್ಕೆ ಹೋಗಬಹುದು. ಕ್ಲಿಷ್ಟ ಸಂದರ್ಭಗಳಲ್ಲಿ 1965ರಲ್ಲಿ ಮೈಸೂರಿನಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಕಳುಹಿಸಲಾಗುತ್ತದೆ. ದೂರವೆಂದು ಹೆದರಬೇಕಾಗಿಲ್ಲ; ಪರೀಕ್ಷೆ, ಅಚ್ಚು, ಸಾಧನ, ಮಾತಿನ ತರಬೇತಿ ಎಲ್ಲವೂ ಅಲ್ಲಿ ಒಂದೇ ಸೂರಿನಡಿ ದೊರೆಯುತ್ತವೆ.

ಶೇಕಡ 40 ಅಥವಾ ಅದಕ್ಕಿಂತ ಹೆಚ್ಚಿನ ಶ್ರವಣದೋಷದ ಪ್ರಮಾಣಪತ್ರವುಳ್ಳ, ಆದಾಯ ಮಿತಿಯೊಳಗಿನ ಎಲ್ಲ ವಯಸ್ಸಿನವರಿಗೆ ಕೇಂದ್ರದ ಅಡಿಪ್ ಯೋಜನೆಯಲ್ಲಿ ಸಾಧನ ದೊರೆಯುತ್ತದೆ. ಅರವತ್ತು ದಾಟಿದ ಬಡ ವೃದ್ಧರಿಗೆ 2017ರಲ್ಲಿ ಆರಂಭವಾದ ರಾಷ್ಟ್ರೀಯ ವಯೋಶ್ರೀ ಯೋಜನೆಯಿದೆ. ಈ ಶಿಬಿರಗಳಲ್ಲಿ ಹಂಚುವ ಸಾಧನಗಳ ಬಗ್ಗೆ ಕೆಲವರಿಗೆ ತಾತ್ಸಾರವಿದೆ. ಅದು ಸರಿಯಲ್ಲ. ಕಿವಿಯ ಹಿಂದೆ ಕೂರುವ ಡಿಜಿಟಲ್ ಸಾಧನವನ್ನು ಆಲೇಖಕ್ಕೆ ತಕ್ಕಂತೆ ಹೊಂದಿಸಿಕೊಂಡರೆ ಅದು ಪೇಟೆಯ ಸಾಧಾರಣ ಸಾಧನಕ್ಕೆ ಕಡಿಮೆಯೇನಲ್ಲ. ಶಿಬಿರದ ದಿನವೇ ಹೊಂದಿಸಲು ಸಮಯ ದೊರೆಯದಿದ್ದಲ್ಲಿ ಒಂದು ವಾರದೊಳಗೆ ಜಿಲ್ಲಾ ಅಂಗವಿಕಲರ ಪುನರ್ವಸತಿ ಕೇಂದ್ರದಲ್ಲಿ ಅಥವಾ ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ ಸರಿಪಡಿಸಿಕೊಳ್ಳಬೇಕು.

ಹೋಗುವಾಗ ಆಧಾರ್ ಚೀಟಿ, ಪಡಿತರ ಚೀಟಿ, ಆದಾಯ ಪ್ರಮಾಣಪತ್ರ, ಎರಡು ಭಾವಚಿತ್ರಗಳು, ಇದ್ದಲ್ಲಿ ಅಂಗವಿಕಲತೆಯ ಗುರುತಿನ ಚೀಟಿ ಜೊತೆಗಿರಲಿ. ಹಿಂದೆ ಎಂದಾದರೂ ಶ್ರವಣ ಮಾಪನ ಮಾಡಿಸಿದ್ದರೆ ಆ ಹಳೆಯ ಆಲೇಖವನ್ನೂ ಒಯ್ಯಬೇಕು. ಹೊಸದರೊಡನೆ ಅದನ್ನಿಟ್ಟು ನೋಡಿದಾಗಲೇ ಶ್ರವಣ ಇದ್ದಲ್ಲಿಯೇ ಇದೆಯೋ ಇನ್ನೂ ಕುಗ್ಗುತ್ತಿದೆಯೋ ಎಂಬುದು ತಜ್ಞರಿಗೆ ತಿಳಿಯುತ್ತದೆ.